414 ವ್ಯಾಟ್: ಸೈಕಲ್ಲಿನ ಕ್ರ್ಯಾಂಕ್ ಮಾಪಕ ಕಲಿಸುವ ಅಳತೆಯ ಪಾಠ



ಭೌತಶಾಸ್ತ್ರದ ಕಲಿಕೆಯಲ್ಲಿ ಅಳತೆಯ ದೋಷಗಳ ಪಾಠ ಬರುತ್ತದೆ. ಶೂನ್ಯ ದೋಷ, ಕ್ರಮಬದ್ಧ ದೋಷ, ಯಾದೃಚ್ಛಿಕ ದೋಷ ಎಂದು ಬಾಯಿಪಾಠ ಮಾಡಿ, ರೆಕಾರ್ಡ್ ಪುಸ್ತಕ ತುಂಬಿಸಿ ಮುಗಿಸುವವರೇ ಹೆಚ್ಚು. ಆ ಪಾಠದೊಳಗೆ ಒಬ್ಬ ಮನುಷ್ಯನ ಮರ್ಯಾದೆಯ ಪ್ರಶ್ನೆಯೂ ಇರಬಹುದು ಎಂದರೆ ನಂಬುವುದು ಕಷ್ಟ. ಸೈಕಲ್ ರೇಸಿನ ಒಂದು ನಿಜ ಪ್ರಸಂಗವನ್ನು ತೆಗೆದುಕೊಂಡು ಇದನ್ನು ನೋಡೋಣ.

2015ರ ಜುಲೈ 14. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯ ಹತ್ತನೇ ಹಂತ. ಪಿರನೀಸ್ ಪರ್ವತಸಾಲಿನ ಲಾ ಪಿಯೆರ್ ಸೇಂಟ್ ಮಾರ್ಟಿನ್ ಎಂಬಲ್ಲಿ ಕೊನೆಯ 15.3 ಕಿಲೋಮೀಟರ್ ಪೂರ್ತಿ ಏರು. ಅದನ್ನು ಬ್ರಿಟನ್ನಿನ ಕ್ರಿಸ್ ಫ್ರೂಮ್ ಸುಮಾರು ನಲವತ್ತೊಂದೂವರೆ ನಿಮಿಷದಲ್ಲಿ ಹತ್ತಿ, ಉಳಿದವರನ್ನು ಹಿಂದೆ ಬಿಟ್ಟು ಗೆದ್ದರು. ಇಷ್ಟು ಶಕ್ತಿ ಎಲ್ಲಿಂದ ಬಂತು, ಉದ್ದೀಪನ ಮದ್ದು ತೆಗೆದುಕೊಂಡಿರಬಹುದೇ ಎಂಬ ಗುಮಾನಿ ಎದ್ದಿತು. ನಾಲ್ಕು ದಿನಗಳ ನಂತರ ರಸ್ತೆ ಬದಿಯ ಪ್ರೇಕ್ಷಕನೊಬ್ಬ ತನ್ನ ಮೇಲೆ ಮೂತ್ರ ಎರಚಿ ಬೈದನೆಂದು ಫ್ರೂಮ್ ಹೇಳಿದರು. ಫ್ರಾನ್ಸಿನ ಟಿವಿ ಕಾರ್ಯಕ್ರಮವೊಂದು ಆ ಏರಿನಲ್ಲಿ ಅವರ ಸಾಮರ್ಥ್ಯ ದೇಹತೂಕದ ಪ್ರತಿ ಕಿಲೋಗೆ 7.04 ವ್ಯಾಟ್ ಎಂಬ ಅಂದಾಜನ್ನು ಬಿತ್ತರಿಸಿತು.

ಜುಲೈ 21ರ ವಿಶ್ರಾಂತಿ ದಿನದಂದು ಟೀಮ್ ಸ್ಕೈ ತಂಡದ ಟಿಮ್ ಕೆರಿಸನ್ ಪತ್ರಕರ್ತರ ಮುಂದೆ ಸೈಕಲ್ಲಿನ ಮಾಪಕದ ಅಂಕಿಯನ್ನು ಬಹಿರಂಗಪಡಿಸಿದರು. ಸರಾಸರಿ ಸಾಮರ್ಥ್ಯ 414 ವ್ಯಾಟ್, ಸವಾರನ ತೂಕ 67.5 ಕಿಲೋ. ಭಾಗಿಸಿದರೆ 6.13 ಬರುತ್ತದೆ. ಆದರೆ ಅವರು ಹೇಳಿದ ಅಂತಿಮ ಉತ್ತರ 5.78. ಕಾರಣ ಕೇಳಿದರೆ: ಫ್ರೂಮ್ ಬಳಸುವುದು ಅಂಡಾಕಾರದ ಚೈನ್‌ವೀಲ್, ಅದರಿಂದ ಮಾಪಕ ಸುಮಾರು ಶೇ. 6ರಷ್ಟು ಹೆಚ್ಚು ತೋರಿಸುತ್ತದೆ.

ಯಂತ್ರವೊಂದು ಚಕ್ರದ ಆಕಾರ ಬದಲಾದ ಮಾತ್ರಕ್ಕೆ ಶೇ. 6 ಹೆಚ್ಚು ತೋರಿಸುವುದುಂಟೇ? ಇದು ನುಣುಚಿಕೊಳ್ಳುವ ಮಾತೋ, ಭೌತಶಾಸ್ತ್ರವೋ? ನಮ್ಮ ತರಗತಿಯ ಗಣಿತದಿಂದಲೇ ಇದಕ್ಕೆ ಉತ್ತರ ಹುಡುಕಬಹುದು. ಅದಕ್ಕೆ ಮೊದಲು ಮಾಪಕದ ಕೆಲಸ ತಿಳಿಯಬೇಕು.

ಕ್ರ್ಯಾಂಕ್ ಹೇಗೆ ಅಳೆಯುತ್ತದೆ?

ಪೆಡಲನ್ನೂ ಚೈನ್‌ವೀಲಿನ ಅಚ್ಚನ್ನೂ ಜೋಡಿಸುವ ಲೋಹದ ತೋಳೇ ಕ್ರ್ಯಾಂಕ್. ಜರ್ಮನಿಯ ಉಲ್ರಿಕ್ ಶೋಬರರ್ 1986ರಲ್ಲಿ ಎಸ್‌ಆರ್‌ಎಂ ಮಾಪಕವನ್ನು ರೂಪಿಸಿದಾಗಿನಿಂದ ಇಂದಿನವರೆಗೂ ಮೂಲ ಸೂತ್ರ ಒಂದೇ:

ಸಾಮರ್ಥ್ಯ = ಟಾರ್ಕ್ × ಕೋನೀಯ ವೇಗ

ನಿಮಿಷಕ್ಕೆ 90 ಸುತ್ತು ತುಳಿಯುವ ಸವಾರನ ಕೋನೀಯ ವೇಗ ಸೆಕೆಂಡಿಗೆ 9.42 ರೇಡಿಯನ್. ಆತ 250 ವ್ಯಾಟ್ ಕೊಡುತ್ತಿದ್ದರೆ ಸರಾಸರಿ ಟಾರ್ಕ್ 250 ÷ 9.42, ಅಂದರೆ ಸುಮಾರು 26.5 ನ್ಯೂಟನ್-ಮೀಟರ್.

ಟಾರ್ಕ್ ಅಳೆಯುವುದು ಸ್ಟ್ರೇನ್ ಗೇಜ್ ಎಂಬ ತೆಳು ಲೋಹದ ಹಾಳೆ. ಅದನ್ನು ಕ್ರ್ಯಾಂಕಿಗೆ ಅಂಟಿಸಿರುತ್ತಾರೆ. ಪೆಡಲ್ ತುಳಿದಾಗ ಕ್ರ್ಯಾಂಕ್ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಹಾಳೆ ಹಿಗ್ಗುತ್ತದೆ, ಅದರ ರೋಧ ಬದಲಾಗುತ್ತದೆ. ಆ ಬದಲಾವಣೆ ಎಷ್ಟು ಸಣ್ಣದು ನೋಡಿ: 350 ಓಮ್‌ನ ಗೇಜ್ ಹತ್ತು ಲಕ್ಷಕ್ಕೆ 100 ಭಾಗದಷ್ಟು ಹಿಗ್ಗಿದರೆ ರೋಧದಲ್ಲಿ ಆಗುವ ವ್ಯತ್ಯಾಸ ಸುಮಾರು 0.07 ಓಮ್ ಮಾತ್ರ. ಇದನ್ನು ಹಿಡಿಯಲು ದ್ವಿತೀಯ ಪಿಯುಸಿಯಲ್ಲಿ ನೀವು ಓದುವ ವೀಟ್‌ಸ್ಟೋನ್ ಬ್ರಿಜ್ ಬೇಕು. ಸಮತೋಲದಲ್ಲಿರುವ ಬ್ರಿಜ್ ಅತಿ ಸಣ್ಣ ಏರುಪೇರಿಗೂ ಸ್ಪಂದಿಸುತ್ತದೆ.

ಇಲ್ಲಿ ಒಂದು ಮಾತು ಗಮನಿಸಿ. ಮಾಪಕ ವ್ಯಾಟನ್ನು ನೇರವಾಗಿ ಅಳೆಯುವುದಿಲ್ಲ. ಅದು ಲೋಹದ ಹಿಗ್ಗುವಿಕೆಯನ್ನೂ ತಿರುಗುವ ವೇಗವನ್ನೂ ಅಳೆದು, ಕೆಲವು ಊಹೆಗಳನ್ನು ಸೇರಿಸಿ, ವ್ಯಾಟನ್ನು ಲೆಕ್ಕ ಹಾಕುತ್ತದೆ. ಊಹೆ ತಪ್ಪಿದಲ್ಲೆಲ್ಲ ದೋಷ ನುಸುಳುತ್ತದೆ.

ಮೊದಲ ಊಹೆ: ಸೊನ್ನೆ ಎಂದರೆ ಸೊನ್ನೆ

ಸ್ಕ್ರೂ ಗೇಜಿನ ದವಡೆ ಮುಚ್ಚಿದಾಗಲೂ ಅದು ಸೊನ್ನೆ ತೋರಿಸದಿದ್ದರೆ ಅದನ್ನು ಶೂನ್ಯ ದೋಷ ಎನ್ನುತ್ತೇವೆ. ಕ್ರ್ಯಾಂಕ್ ಮಾಪಕಕ್ಕೂ ಇದು ತಪ್ಪಿದ್ದಲ್ಲ. ಪೆಡಲ್ ಮೇಲೆ ಕಾಲೇ ಇಲ್ಲದಿದ್ದರೂ ಮಾಪಕ 1 ನ್ಯೂಟನ್-ಮೀಟರ್ ಟಾರ್ಕ್ ಇದೆ ಎಂದುಕೊಂಡರೆ, 90 ಸುತ್ತಿನ ವೇಗದಲ್ಲಿ 1 × 9.42, ಅಂದರೆ 9.4 ವ್ಯಾಟ್ ಪುಕ್ಕಟೆಯಾಗಿ ಸೇರುತ್ತದೆ. ಸವಾರ 100 ವ್ಯಾಟ್ ಕೊಡಲಿ, 300 ಕೊಡಲಿ, ಸೇರುವುದು ಅಷ್ಟೇ. 100ಕ್ಕೆ ಅದು ಶೇ. 9, 300ಕ್ಕೆ ಶೇ. 3. ಆದ್ದರಿಂದ ಶೂನ್ಯ ದೋಷ ಹೆಚ್ಚು ಕಾಡುವುದು ನಿಧಾನವಾಗಿ ತುಳಿಯುವ ಕಲಿಕೆಯವರನ್ನೇ.

ಪರಿಹಾರ ಸುಲಭ. ಪ್ರತಿ ಸವಾರಿಗೆ ಮುನ್ನ ಸೊನ್ನೆ ಹೊಂದಿಸಬೇಕು. ಹೊಂದಿಸುವಾಗ ಮಾಪಕವಿರುವ ಕ್ರ್ಯಾಂಕ್ ನೇರ ಕೆಳಮುಖವಾಗಿರಬೇಕೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹಾಗಿದ್ದಾಗ ಪೆಡಲಿನ ತೂಕದ ರೇಖೆ ಅಚ್ಚಿನ ಮೂಲಕವೇ ಹಾಯುತ್ತದೆ, ತೂಕದಿಂದ ಟಾರ್ಕ್ ಹುಟ್ಟುವುದಿಲ್ಲ. ಕ್ರ್ಯಾಂಕ್ ಅಡ್ಡಲಾಗಿದ್ದಾಗ ಸೊನ್ನೆ ಹೊಂದಿಸಿದರೆ ಪೆಡಲಿನ ತೂಕವೇ ಸೊನ್ನೆಯೊಳಗೆ ಸೇರಿಹೋಗುತ್ತದೆ.

ಎರಡನೆಯ ಊಹೆ: ಲೋಹ ಹಿಗ್ಗುವುದು ತುಳಿತದಿಂದ ಮಾತ್ರ

ಅಲ್ಯೂಮಿನಿಯಂ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಹತ್ತು ಲಕ್ಷಕ್ಕೆ ಸುಮಾರು 23 ಭಾಗ ಹಿಗ್ಗುತ್ತದೆ. ನೆರಳಲ್ಲಿದ್ದ ಸೈಕಲ್ಲನ್ನು ಏಪ್ರಿಲ್ ಬಿಸಿಲಿಗೆ ತಂದಾಗ ಕಪ್ಪು ಕ್ರ್ಯಾಂಕ್ 10 ಡಿಗ್ರಿ ಕಾದರೆ 230 ಭಾಗ ಹಿಗ್ಗಿತು. ಮೇಲೆ ನಾವು ತುಳಿತಕ್ಕೆ ತೆಗೆದುಕೊಂಡ ಉದಾಹರಣೆ 100 ಭಾಗ. ಅಂದರೆ ಬಿಸಿಲು ತುಳಿತಕ್ಕಿಂತ ಜೋರಾಗಿ ಮಾತನಾಡಬಲ್ಲದು.

ಇದನ್ನು ತಡೆಯಲು ಗೇಜ್‌ಗಳನ್ನು ಬ್ರಿಜ್‌ನ ಬೇರೆ ಬೇರೆ ಭುಜಗಳಲ್ಲಿ ಇಡುತ್ತಾರೆ. ಕ್ರ್ಯಾಂಕ್ ಬಾಗಿದಾಗ ಒಂದು ಹಿಗ್ಗಿ ಮತ್ತೊಂದು ಕುಗ್ಗುತ್ತದೆ, ಬ್ರಿಜ್ ಸಮತೋಲ ತಪ್ಪುತ್ತದೆ. ಬಿಸಿಯಾದಾಗಲಾದರೋ ಎಲ್ಲವೂ ಒಟ್ಟಿಗೆ ಹಿಗ್ಗುತ್ತವೆ, ಪರಿಣಾಮ ಪರಸ್ಪರ ರದ್ದಾಗುತ್ತದೆ. ಆದರೂ ಪೂರ್ತಿ ರದ್ದಾಗುವುದಿಲ್ಲ. ಗೇಜ್, ಅಂಟು, ಲೋಹ ಒಂದೇ ರೀತಿ ವರ್ತಿಸುವುದಿಲ್ಲ. ಕ್ರ್ಯಾಂಕಿನ ಒಂದು ಮೈ ಬಿಸಿಲಿಗೂ ಇನ್ನೊಂದು ನೆರಳಿಗೂ ಇರಬಹುದು. ಉತ್ತಮ ಮಾಪಕಗಳು ತಾಪವನ್ನೂ ಅಳೆದು ಸರಿಪಡಿಸಿಕೊಳ್ಳುತ್ತವೆ. ಸವಾರ ಮಾಡಬಹುದಾದ್ದು ಇಷ್ಟು: ಸೈಕಲ್ ಹೊರಗಿನ ಹವೆಗೆ ಹೊಂದಿಕೊಳ್ಳಲು ಹತ್ತು ಹದಿನೈದು ನಿಮಿಷ ಬಿಟ್ಟು, ಆಮೇಲೆ ಸೊನ್ನೆ ಹೊಂದಿಸುವುದು.

ಮೂರನೆಯ ಊಹೆ: ಗುಣಕ ಬದಲಾಗಿಲ್ಲ

ಸೊನ್ನೆ ಸರಿಯಿದ್ದರೂ ಸಾಲದು. ನೂರು ಗ್ರಾಂ ಇಟ್ಟಾಗ ತೊಂಬತ್ತೆಂಟು ತೋರಿಸುವ ತಕ್ಕಡಿ ಖಾಲಿಯಿದ್ದಾಗ ಸರಿಯಾಗಿ ಸೊನ್ನೆಯನ್ನೇ ತೋರಿಸಬಹುದು. ಮಾಪಕದಲ್ಲಿಯೂ ಹಿಗ್ಗುವಿಕೆಯನ್ನು ಟಾರ್ಕ್ ಆಗಿ ಬದಲಿಸುವ ಗುಣಕ ತಪ್ಪಾಗಿರಬಹುದು. ಸೊನ್ನೆ ಹೊಂದಿಸುವ ಗುಂಡಿ ಎಷ್ಟು ಸಲ ಒತ್ತಿದರೂ ಈ ದೋಷ ಹೋಗುವುದಿಲ್ಲ. ಹಲವು ಸವಾರರು ಎಡವುವುದು ಇಲ್ಲೇ: ಸೊನ್ನೆ ಹೊಂದಿಸುವುದು ಬೇರೆ, ಗುಣಕ ಪರೀಕ್ಷಿಸುವುದು ಬೇರೆ.

ಪರೀಕ್ಷೆ ಹೀಗೆ. ಕ್ರ್ಯಾಂಕನ್ನು ನೆಲಕ್ಕೆ ಸಮಾನಾಂತರವಾಗಿಟ್ಟು, ಹಿಂದಿನ ಚಕ್ರ ಅಲುಗದಂತೆ ಹಿಡಿದು, ಪೆಡಲಿನ ಅಚ್ಚಿಗೆ ಗೊತ್ತಿರುವ ತೂಕ ನೇತುಹಾಕಬೇಕು. 20 ಕಿಲೋ ತೂಕ, ಕ್ರ್ಯಾಂಕ್ ಉದ್ದ 172.5 ಮಿಲಿಮೀಟರ್ ಆದರೆ:

20 × 9.8 × 0.1725 = 33.8 ನ್ಯೂಟನ್-ಮೀಟರ್

ಟಾರ್ಕ್ ತೋರಿಸುವ ಸೌಲಭ್ಯವಿರುವ ಮಾಪಕ 33.1 ತೋರಿಸಿದರೆ ಅದು ಶೇ. 2ರಷ್ಟು ಕಡಿಮೆ ಓದುತ್ತಿದೆ. ಆದರೆ ನೇತುಹಾಕಿದ್ದು ನಿಜವಾಗಿ 20 ಕಿಲೋ ಇದೆಯೇ? ಜಿಮ್ಮಿನ ತಟ್ಟೆಯ ಮೇಲೆ 20 ಎಂದು ಕೆತ್ತಿದ್ದರೆ ಸಾಲದು. ಕಾನೂನು ಮಾಪನ ಇಲಾಖೆಯ ಮುದ್ರೆಯಿರುವ ತಕ್ಕಡಿಯಲ್ಲಿ ತೂಗಿ ನೋಡಬೇಕು. ಅಳತೆಯನ್ನು ಅಳೆಯುವ ಅಳತೆ ಅದಕ್ಕಿಂತ ನಂಬಿಕಸ್ಥವಾಗಿರಬೇಕು.

ನಾಲ್ಕನೆಯ ಊಹೆ: ಬಲಗಾಲೂ ಎಡಗಾಲಿನಷ್ಟೇ ತುಳಿಯುತ್ತದೆ

ಬೆಲೆ ಕಡಿಮೆಯಾಗಲೆಂದು ಎಡ ಕ್ರ್ಯಾಂಕಿಗೆ ಮಾತ್ರ ಗೇಜ್ ಅಂಟಿಸಿ, ಬಂದ ಅಂಕಿಯನ್ನು ಎರಡರಿಂದ ಗುಣಿಸುವ ಮಾಪಕಗಳಿವೆ. ಆ ವರ್ಷ ಟೀಮ್ ಸ್ಕೈ ಬಳಸುತ್ತಿದ್ದುದೂ ಎಡ ಕ್ರ್ಯಾಂಕಿನ ಮಾಪಕವೇ. ನಮ್ಮ ಎರಡು ಕಾಲು ಸಮಬಲವಾಗಿದ್ದರೆ ತೊಂದರೆಯಿಲ್ಲ. ಹೆಚ್ಚಿನವರಲ್ಲಿ ಹಾಗಿರುವುದಿಲ್ಲ.

ಒಟ್ಟು 250 ವ್ಯಾಟಿನಲ್ಲಿ ಎಡಗಾಲಿನ ಪಾಲು ಶೇ. 48 ಎಂದುಕೊಳ್ಳಿ. ಎಡಗಾಲಿನದು 120 ವ್ಯಾಟ್. ಮಾಪಕ ತೋರಿಸುವುದು 240. ದೋಷ ಶೇ. 4. ಇದು ಯಾವಾಗಲೂ ಶೇ. 4 ಇದ್ದಿದ್ದರೆ ಒಂದು ಗುಣಕದಿಂದ ಸರಿಪಡಿಸಬಹುದಿತ್ತು. ಆದರೆ ಆಯಾಸ, ಗಾಯ, ತುಳಿತದ ರಭಸಕ್ಕೆ ತಕ್ಕಂತೆ ಪಾಲು ಬದಲಾಗುತ್ತದೆ. ನಿಧಾನವಾಗಿ 150 ವ್ಯಾಟ್ ತುಳಿವಾಗ ಪಾಲು ಸಮವಾಗಿದ್ದು, ರಭಸದ 300 ವ್ಯಾಟಿನಲ್ಲಿ ಎಡಗಾಲು ಶೇ. 47ಕ್ಕೆ ಇಳಿದರೆ, ಮಾಪಕ ಮೊದಲನೆಯದನ್ನು ಸರಿಯಾಗಿ 150 ಎಂದೂ ಎರಡನೆಯದನ್ನು 282 ಎಂದೂ ತೋರಿಸುತ್ತದೆ. ನಿಜವಾದ ಏರಿಕೆ 150, ಕಂಡದ್ದು 132.

ಪೆಟ್ಟಿಗೆಯ ಮೇಲೆ ‘ನಿಖರತೆ ಶೇ. 2ರೊಳಗೆ’ ಎಂದು ಬರೆದಿರುತ್ತದೆ. ಅದು ಎಡ ಕ್ರ್ಯಾಂಕ್ ತಾನು ಅಳೆದದ್ದಕ್ಕೆ ಕೊಡುವ ಭರವಸೆ. ಅಳೆಯದೆ ಬಿಟ್ಟ ಬಲಗಾಲಿಗೆ ಆ ಭರವಸೆ ಅನ್ವಯಿಸುವುದಿಲ್ಲ.

ಐದನೆಯ ಊಹೆ: ಕ್ರ್ಯಾಂಕ್ ಒಂದೇ ವೇಗದಲ್ಲಿ ತಿರುಗುತ್ತದೆ

ಈಗ ಫ್ರೂಮ್ ಅವರ ಅಂಡಾಕಾರದ ಚೈನ್‌ವೀಲಿಗೆ ಬರೋಣ.

ಸೈಕಲ್ ಓಡುತ್ತಿರುವಾಗ ಅದರ ಜಡತ್ವದಿಂದಾಗಿ ಚೈನಿನ ವೇಗ ಒಂದು ಸುತ್ತಿನೊಳಗೆ ಹೆಚ್ಚುಕಡಿಮೆ ಸ್ಥಿರ. ಚೈನ್‌ವೀಲ್ ಪೂರ್ತಿ ವೃತ್ತವಾಗಿದ್ದರೆ ಕ್ರ್ಯಾಂಕಿನ ಕೋನೀಯ ವೇಗವೂ ಸ್ಥಿರ. ಅಂಡಾಕಾರವಾಗಿದ್ದರೆ ಕಾಲು ಬಲವಾಗಿ ಒತ್ತುವ ಭಾಗದಲ್ಲಿ ತ್ರಿಜ್ಯ ದೊಡ್ಡದಿರುವಂತೆ ಜೋಡಿಸಿರುತ್ತಾರೆ. ಅದೇ ಚೈನ್ ವೇಗಕ್ಕೆ ದೊಡ್ಡ ತ್ರಿಜ್ಯ ಎಂದರೆ ಕಡಿಮೆ ಕೋನೀಯ ವೇಗ. ಆದ್ದರಿಂದ ಟಾರ್ಕ್ ಹೆಚ್ಚಿರುವಾಗ ಕ್ರ್ಯಾಂಕ್ ನಿಧಾನ, ಟಾರ್ಕ್ ಕಡಿಮೆಯಿರುವಾಗ ವೇಗ.

ಮಾಪಕ ಸಮಾನ ಸಮಯದ ಅಂತರದಲ್ಲಿ ಟಾರ್ಕನ್ನು ಓದುತ್ತಾ ಹೋಗಿ, ಸುತ್ತು ಮುಗಿದ ಮೇಲೆ ಸರಾಸರಿ ತೆಗೆದು, ಅದನ್ನು ಆ ಸುತ್ತಿನ ಸರಾಸರಿ ವೇಗದಿಂದ ಗುಣಿಸುತ್ತದೆ ಎಂದುಕೊಳ್ಳಿ. ನಿಧಾನವಾದ ಭಾಗದಲ್ಲಿ ಹೆಚ್ಚು ಹೊತ್ತು ಇರುವುದರಿಂದ ಅಲ್ಲಿಂದ ಹೆಚ್ಚು ಓದುಗಳು ಬರುತ್ತವೆ. ಅಲ್ಲೇ ಟಾರ್ಕ್ ಹೆಚ್ಚು. ಹಾಗಾಗಿ ಸರಾಸರಿ ಉಬ್ಬುತ್ತದೆ.

ಲೆಕ್ಕ ಸುಲಭವಾಗಲೆಂದು ಕೆಲವು ಅಂಕಿಗಳನ್ನು ಆರಿಸಿಕೊಳ್ಳೋಣ. ಅರ್ಧ ಸುತ್ತನ್ನು ಎರಡು ಸಮಕೋನಗಳಾಗಿ ಭಾಗಿಸಿ. ಮೊದಲ ಭಾಗದಲ್ಲಿ ಟಾರ್ಕ್ 40, ಕೋನೀಯ ವೇಗ 9. ಎರಡನೆಯ ಭಾಗದಲ್ಲಿ ಟಾರ್ಕ್ 10, ವೇಗ 11.

ಕೆಲಸ ಎಂದರೆ ಟಾರ್ಕ್ × ಕೋನ. ಎರಡೂ ಭಾಗಗಳ ಕೋನ ಸಮವಾದ್ದರಿಂದ ಸರಿಯಾದ ಸರಾಸರಿ ಟಾರ್ಕ್ 40 ಮತ್ತು 10ರ ನೇರ ಸರಾಸರಿ, ಅಂದರೆ 25. ಸರಾಸರಿ ವೇಗ? ಹೋಗುವಾಗ ಗಂಟೆಗೆ 40, ಬರುವಾಗ 60 ಕಿಲೋಮೀಟರ್ ಹೋದ ಬಸ್ಸಿನ ಲೆಕ್ಕ ನೆನಪಿದೆಯಲ್ಲ? ಉತ್ತರ 50 ಅಲ್ಲ, 48. ಅದೇ ರೀತಿ ಇಲ್ಲಿ 2 × 9 × 11 ÷ 20 = 9.9. ನಿಜವಾದ ಸಾಮರ್ಥ್ಯ 25 × 9.9 = 247.5 ವ್ಯಾಟ್.

ಮಾಪಕದ ಲೆಕ್ಕ ಬೇರೆ. ಎರಡು ಭಾಗಗಳಲ್ಲಿ ಕಳೆಯುವ ಸಮಯದ ಅನುಪಾತ 11 : 9. ಆದ್ದರಿಂದ ಅದಕ್ಕೆ ಸಿಗುವ ಸರಾಸರಿ ಟಾರ್ಕ್ (40 × 11 + 10 × 9) ÷ 20 = 26.5. ಅದು ತೋರಿಸುವ ಸಾಮರ್ಥ್ಯ 26.5 × 9.9 = 262.4 ವ್ಯಾಟ್. ನಿಜಕ್ಕಿಂತ ಶೇ. 6 ಹೆಚ್ಚು.

ಇಲ್ಲಿ ಗೇಜ್ ಕೆಟ್ಟಿಲ್ಲ, ಸೊನ್ನೆ ತಪ್ಪಿಲ್ಲ, ಬ್ಯಾಟರಿ ಕುಗ್ಗಿಲ್ಲ. ತಪ್ಪಿದ್ದು ಸರಾಸರಿ ತೆಗೆದ ವಿಧಾನ. ಈಚಿನ ಹಲವು ಮಾಪಕಗಳಲ್ಲಿ ಗೈರೊಸ್ಕೋಪ್ ಇದ್ದು, ಕ್ಷಣಕ್ಷಣದ ವೇಗವನ್ನು ಆ ಕ್ಷಣದ ಟಾರ್ಕ್‌ನಿಂದಲೇ ಗುಣಿಸುವುದರಿಂದ ಈ ದೋಷ ಬಹುಮಟ್ಟಿಗೆ ತಗ್ಗಿದೆ.

ಹಾಗಾದರೆ 414 ಎಷ್ಟು?

ಅಂಡಾಕಾರದ ಚಕ್ರದಿಂದ ಅಂಕಿ ಉಬ್ಬುತ್ತದೆ ಎಂಬ ಮಾತು ನೆಪವಲ್ಲ, ಭೌತಶಾಸ್ತ್ರ. ಎಷ್ಟು ಉಬ್ಬುತ್ತದೆ ಎಂಬುದು ಮಾತ್ರ ಸವಾರನ ತುಳಿತ, ಚಕ್ರದ ಆಕಾರ, ಮಾಪಕದ ವಿಧಾನ ಮೂರನ್ನೂ ಅವಲಂಬಿಸಿದೆ. ಪರೀಕ್ಷೆ ಮಾಡಿಯೇ ಅದನ್ನು ತಿಳಿಯಬೇಕು.

ಶೇ. 6 ಎಂದು ಒಪ್ಪಿದರೆ ತಿದ್ದುಪಡಿ ಹೇಗೆ? 414ರಿಂದ ಶೇ. 6 ಕಳೆಯಬಾರದು. ನಿಜವಾದ ಅಂಕಿಯ 1.06 ಪಟ್ಟು 414 ಆಗಿದೆ, ಆದ್ದರಿಂದ 1.06ರಿಂದ ಭಾಗಿಸಬೇಕು: 390.6 ವ್ಯಾಟ್. ಅದನ್ನು 67.5ರಿಂದ ಭಾಗಿಸಿದರೆ 5.79. ತಂಡ ಹೇಳಿದ 5.78ಕ್ಕೆ ಬಹಳ ಹತ್ತಿರ.

ಆದರೆ ಆ ಎರಡನೆಯ ದಶಮಾಂಶಕ್ಕೆ ಎಷ್ಟು ಬೆಲೆ? ಮಾಪಕದ ನಿಖರತೆ ಶೇ. 2 ಎಂದರೆ ಉತ್ತರ 5.67ರಿಂದ 5.90ರ ನಡುವೆ ಎಲ್ಲಿಯೂ ಇರಬಹುದು. ತೂಕ ಒಂದು ಕಿಲೋ ಹೆಚ್ಚಿದ್ದರೆ 5.70ಕ್ಕೆ ಇಳಿಯುತ್ತದೆ. ಇನ್ನು ಎಡಗಾಲಿನ ಪಾಲು: ಅದು ಶೇ. 51 ಆಗಿದ್ದರೆ 414ರ ಬದಲು ಒಟ್ಟು 406 ಆಗುತ್ತಿತ್ತು, ಶೇ. 49 ಆಗಿದ್ದರೆ 422. ಆದ್ದರಿಂದ ಪ್ರಾಮಾಣಿಕವಾಗಿ ಬರೆಯಬಹುದಾದ ಉತ್ತರ ‘ಸುಮಾರು 5.8’. ಅರ್ಥಪೂರ್ಣ ಅಂಕಿಗಳ ಪಾಠ ಹೇಳುವುದು ಇದನ್ನೇ.

ಮಾಪಕವಿಲ್ಲದೆ ಹೊರಗಿನಿಂದ ಅಂದಾಜು ಮಾಡಿದರೆ? ಏರಿನ ಸರಾಸರಿ ಇಳುಕಲು ಶೇ. 7.4. ಎತ್ತರ 15.3 ಕಿಲೋಮೀಟರ್‌ನ ಶೇ. 7.4, ಅಂದರೆ ಸುಮಾರು 1132 ಮೀಟರ್. ಸೈಕಲ್, ಬಟ್ಟೆ, ನೀರಿನ ಬಾಟಲಿಗೆ 8 ಕಿಲೋ ಸೇರಿಸಿ ಒಟ್ಟು 75.5 ಕಿಲೋ ಎನ್ನೋಣ. ಗುರುತ್ವದ ವಿರುದ್ಧದ ಕೆಲಸ 75.5 × 9.8 × 1132 ಜೂಲ್. ಅದನ್ನು 2490 ಸೆಕೆಂಡಿನಿಂದ ಭಾಗಿಸಿದರೆ 336 ವ್ಯಾಟ್. ಉಳಿದದ್ದು ಗಾಳಿಯ ತಡೆ, ಟೈರಿನ ಉಜ್ಜುವಿಕೆ, ಚೈನಿನ ಘರ್ಷಣೆ. ಗಾಳಿ ಎದುರಿನಿಂದ ಬೀಸಿತೋ ಬೆನ್ನಿನಿಂದ ಬೀಸಿತೋ ಎಂಬುದೊಂದರಿಂದಲೇ ಹತ್ತಾರು ವ್ಯಾಟ್ ಏರುಪೇರಾಗುತ್ತದೆ. ಹೊರಗಿನ ಅಂದಾಜಿನ ಬಲಹೀನತೆ ಇದೇ: ಲೆಕ್ಕ ಸರಿಯಿದ್ದರೂ ಅದರೊಳಗೆ ಹಾಕುವ ಗಾಳಿ, ತೂಕಗಳು ಊಹೆ. ಟಿವಿಯ 7.04 ಮತ್ತು ತಂಡದ 5.78ರ ನಡುವಿನ ಅಂತರ ಶೇ. 20ಕ್ಕೂ ಮಿಕ್ಕಿದ್ದು.

ಇನ್ನೊಂದು ಮಾತು. 414 ಎಂಬ ಅಂಕಿ ಫ್ರೂಮ್ ಮದ್ದು ತೆಗೆದುಕೊಂಡರು ಎಂದೂ ಹೇಳಲಾರದು, ತೆಗೆದುಕೊಂಡಿಲ್ಲ ಎಂದೂ ಹೇಳಲಾರದು. ಅದಕ್ಕೆ ರಕ್ತ ಮತ್ತು ಮೂತ್ರದ ಪರೀಕ್ಷೆಗಳಿವೆ. ಒಂದು ಅಳತೆಗೆ ಅದು ಉತ್ತರಿಸಲಾಗದ ಪ್ರಶ್ನೆ ಕೇಳುವುದೂ ಅಳತೆಯ ದೋಷವೇ.

ನಮಗೆ ಇದರಿಂದೇನು?

ನಿಖರತೆ, ನಿಷ್ಕೃಷ್ಟತೆ ಎಂಬ ಎರಡು ಪದಗಳ ವ್ಯತ್ಯಾಸ ಈಗ ಸ್ಪಷ್ಟವಾಗಬೇಕು. ದಿನವೂ ಶೇ. 4 ಕಡಿಮೆಯನ್ನೇ ತಪ್ಪದೆ ತೋರಿಸುವ ಮಾಪಕ ನಿಷ್ಕೃಷ್ಟ, ಆದರೆ ನಿಖರವಲ್ಲ. ಅಂಥ ಮಾಪಕದಿಂದ ಸವಾರ ತನ್ನ ನಿನ್ನೆಯನ್ನು ತನ್ನ ಇಂದಿನೊಂದಿಗೆ ಹೋಲಿಸಬಹುದು, ಪಕ್ಕದವನೊಂದಿಗೆ ಹೋಲಿಸಲಾಗದು. ಸೈಕ್ಲಿಂಗ್‌ಗೆ ಹೆಸರಾದ ವಿಜಯಪುರ, ಬಾಗಲಕೋಟೆಯ ಕಡೆಯ ಹುಡುಗ ಹುಡುಗಿಯರು ಮುಂದೆ ಇಂಥ ಮಾಪಕ ಹಿಡಿದಾಗ, ಬೇರೆ ಬೇರೆ ಸೈಕಲ್ಲಿನ ಎರಡು ಅಂಕಿಗಳನ್ನು ಪಕ್ಕದಲ್ಲಿಟ್ಟು ‘ಇವನು ಗಟ್ಟಿ, ಅವಳು ಬಡಕಲು’ ಎಂದು ಯಾರಾದರೂ ತೀರ್ಮಾನಿಸಿದರೆ, ಒಬ್ಬರಿಗೆ ಅನ್ಯಾಯವಾಗಬಹುದು. ಇಬ್ಬರನ್ನೂ ಒಂದೇ ಮಾಪಕದಲ್ಲಿ, ಒಂದೇ ದಿನ, ಸೊನ್ನೆ ಹೊಂದಿಸಿ ಅಳೆದ ಮೇಲಷ್ಟೇ ಮಾತು.

ಪ್ರಯೋಗಾಲಯದಲ್ಲೂ ಹೀಗೆಯೇ. ಓದಿನ ಜೊತೆಗೆ ಉಪಕರಣ ಯಾವುದು, ಶೂನ್ಯ ದೋಷ ಎಷ್ಟು, ಸರಾಸರಿ ಹೇಗೆ ತೆಗೆದಿರಿ ಎಂಬುದನ್ನೂ ಬರೆಯಿರಿ. ಇವಿಲ್ಲದೆ ಬರೆದ ಅಂಕಿಯನ್ನು ಓದುವವರು ಪರೀಕ್ಷಿಸಲಾರರು, ನಂಬಬಹುದು ಅಥವಾ ಬಿಡಬಹುದು ಅಷ್ಟೇ.

ನೀವೇ ಲೆಕ್ಕ ಹಾಕಿ

1. ನಿಮಿಷಕ್ಕೆ 80 ಸುತ್ತು ತುಳಿಯುವ ಸವಾರನ ಎಡ ಕ್ರ್ಯಾಂಕ್ ಮಾಪಕದಲ್ಲಿ 0.5 ನ್ಯೂಟನ್-ಮೀಟರ್ ಶೂನ್ಯ ದೋಷವಿದೆ. ಮಾಪಕ ಎರಡರಿಂದ ಗುಣಿಸುತ್ತದೆ. ತೋರಿಸುವ ಅಂಕಿಯಲ್ಲಿ ಎಷ್ಟು ವ್ಯಾಟ್ ತಪ್ಪಿರುತ್ತದೆ?

2. 170 ಮಿಲಿಮೀಟರ್ ಕ್ರ್ಯಾಂಕಿಗೆ 15 ಕಿಲೋ ನೇತುಹಾಕಿದಾಗ ಮಾಪಕ 25.5 ನ್ಯೂಟನ್-ಮೀಟರ್ ತೋರಿಸಿತು. ದೋಷ ಶೇಕಡಾ ಎಷ್ಟು?

3. ಅಂಡಾಕಾರದ ಚೈನ್‌ವೀಲಿನ ನಮ್ಮ ಲೆಕ್ಕದಲ್ಲಿ ವೇಗಗಳು 9 ಮತ್ತು 11 ಆಗಿಯೇ ಇದ್ದು, ಟಾರ್ಕ್ ಎರಡೂ ಭಾಗಗಳಲ್ಲಿ 25 ಆಗಿದ್ದರೆ ದೋಷ ಎಷ್ಟು? ಏಕೆ?

ಉತ್ತರಗಳು: (1) ಸುಮಾರು 8.4 ವ್ಯಾಟ್. (2) ಶೇ. 2 ಹೆಚ್ಚು. (3) ದೋಷವಿಲ್ಲ. ಟಾರ್ಕ್ ಬದಲಾಗದಿದ್ದರೆ ಯಾವ ಭಾಗದಿಂದ ಎಷ್ಟು ಓದು ಬಂದರೂ ಸರಾಸರಿ ಅದೇ. ಟಾರ್ಕ್ ಮತ್ತು ವೇಗ ಎರಡೂ ಒಟ್ಟಿಗೆ ಬದಲಾದಾಗ ಮಾತ್ರ ಸರಾಸರಿಗಳ ಗುಣಲಬ್ಧವೂ ಗುಣಲಬ್ಧದ ಸರಾಸರಿಯೂ ಬೇರೆಯಾಗುತ್ತವೆ.